ಮೊದಲ ಮಹಡಿಯ ಮಂತ್ರವಾದಿ

ಐವತ್ತು ದಾಟಿದ ಮೇಲೆ ನಾನು ಮಂತ್ರವಾದಿಯಾದೆ. ಹೀಗೆ ಒಂದೇ ಉಸಿರಿಗೆ ಹೇಳಿದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ ಎಂಬುದು ನನಗೀಗ ಚೆನ್ನಾಗಿ ಗೊತ್ತು. ನೀವು ಸರಿಯುವ ಮೊದಲೇ ಹೇಳಿಬಿಡುತ್ತೇನೆ. ನಾನು ಮಂತ್ರವಾದಿಯಾಗುವುದು ಭಾನುವಾರ ಮಧ್ಯಾಹ್ನ ಮಾತ್ರ, ಊಟವಾದ ಮೇಲೆ, ಟೀವಿಯ ಮುಂದೆ, ಮೈತುಂಬ ಗುಂಡಿಗಳಿರುವ ರಿಮೋಟೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಉಳಿದ ದಿನ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಅಲ್ಲಿ ನನ್ನ ಯಾವ ಮಂತ್ರವೂ ಯಾರ ಮೇಲೂ ಕೆಲಸ ಮಾಡಿದ ಉದಾಹರಣೆಯಿಲ್ಲ.

ಇದಕ್ಕೆಲ್ಲ ಕಾರಣ ನನ್ನ ತಮ್ಮ. ಅವನು ಮೂಡಲಪಾಳ್ಯದಲ್ಲಿ ಚಿಕ್ಕದೊಂದು ಮನೆಗೆ ಹೋಗುವಾಗ, "ಅಕ್ಕಾ, ಸ್ವಲ್ಪ ದಿನ ಇಟ್ಕೊಂಡಿರು" ಎಂದು ತನ್ನ ವಿಡಿಯೋ ಗೇಮಿನ ಡಬ್ಬವನ್ನು ಕೆಂಗೇರಿ ಉಪನಗರದ ನಮ್ಮ ಬಾಡಿಗೆ ಮನೆಯಲ್ಲಿ ತಂದಿಟ್ಟ. ನೆಂಟರು ಸ್ವಲ್ಪ ದಿನಕ್ಕೆಂದು ಇಟ್ಟುಹೋದ ವಸ್ತುಗಳು ಹೇಗೆಂದು ನಿಮಗೆ ಗೊತ್ತೇ ಇದೆ. ಅವು ಮೊದಲು ಮೂಲೆ ಹಿಡಿಯುತ್ತವೆ, ಆಮೇಲೆ ಮನೆಯವರಾಗುತ್ತವೆ. ನಮ್ಮಲ್ಲಿ ಆಗಲೇ ಯಾರದೋ ಹೊಲಿಗೆ ಯಂತ್ರ ಹೂವಿನ ಕುಂಡದ ಸ್ಟ್ಯಾಂಡಾಗಿ ಬಾಳುತ್ತಿತ್ತು. ಈ ಡಬ್ಬದ ಮೇಲೆ ಕುಂಡ ಇಡಲು ಜಾಗ ಸಾಲದು ಎಂಬ ಒಂದೇ ಕಾರಣಕ್ಕೆ ನಾವು ಅದನ್ನು ಟೀವಿಗೆ ಸಿಕ್ಕಿಸಿದೆವು.

ಆಟ ಶುರುವಾಗುವ ಮುನ್ನ ನೀವು ಯಾರೆಂದು ಆರಿಸಿಕೊಳ್ಳಬೇಕು. ಯೋಧ, ಕಳ್ಳ, ಮಂತ್ರವಾದಿ. ನಮ್ಮ ಯಜಮಾನರು ಮೂರ್ತಿಯವರು ಕ್ಷಣವೂ ಯೋಚಿಸದೆ ಯೋಧನಾದರು. ಗೋಡೆಯ ಮೇಲೆ ಹಲ್ಲಿ ಕಂಡರೆ ಮಂಚ ಹತ್ತಿ ನನ್ನನ್ನು ಕೂಗುವ ಮನುಷ್ಯ, ಎದೆಗೆ ಉಕ್ಕಿನ ಕವಚ ಕಟ್ಟಿಕೊಂಡು, ಬಾಗಿಲಷ್ಟು ಅಗಲದ ಕತ್ತಿ ಎತ್ತಿಕೊಂಡು ನಿಂತರು. ನನಗೆ ಕವಚ ನೋಡಿಯೇ ಸೆಕೆಯಾಯಿತು. ಕಳ್ಳನಾಗಲು ಅಧ್ಯಾಪಕಿಯ ಮನಸ್ಸು ಒಪ್ಪಲಿಲ್ಲ. ಮಂತ್ರವಾದಿಯನ್ನು ನೋಡಿದೆ. ಕತ್ತಿನಿಂದ ಪಾದದವರೆಗೆ ಸಡಿಲವಾದ, ಉದ್ದ ತೋಳಿನ, ಹೂಹೂವಿನ ಅಂಚಿರುವ ಒಂದು ನಿಲುವಂಗಿ ಹಾಕಿಕೊಂಡಿದ್ದಳು. ನೈಟಿ! ಹೆಗಲ ಮೇಲೊಂದು ಟವೆಲ್ ಇದ್ದಿದ್ದರೆ ತರಕಾರಿ ಗಾಡಿಯ ಹತ್ತಿರ ನಿಂತ ನಾನೇ. ನೈಟಿಯಲ್ಲೇ ಯುದ್ಧ ಮಾಡಬಹುದು ಎಂಬ ಸೌಲಭ್ಯವಿರುವಾಗ ಬೇರೆ ಯೋಚನೆ ಯಾಕೆ?

ಆದರೆ ಹೆಸರಿನ ಸಮಸ್ಯೆ ಬಂತು. ಇಂಗ್ಲಿಷಿನಲ್ಲಿ ಇವಳನ್ನು ಮೇಜ್ ಅನ್ನುತ್ತಾರಂತೆ. ನಾನು ಸಂಭ್ರಮದಿಂದ "ರೀ, ನಾನು ಮೇಜ್" ಅಂದೆ. ಅವರು ತಿರುಗಿಯೂ ನೋಡದೆ "ಹಾಗಾದ್ರೆ ನಾನು ಕುರ್ಚಿ" ಅಂದರು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳು ಮೇಜಾಗಿ ಬದುಕುವುದು ಹೇಗೆ? ನಿಘಂಟು ತೆಗೆದು ಕೂತೆ. ಮಾಟಗಾತಿ ಎಂದರೆ ಬೈಗುಳದಂತಿದೆ. ಮಾಂತ್ರಿಕ ಎಂದರೆ ಗಂಡಸು. ಮಾಯಾವಿ ಎಂದರೆ ಹರಿಕಥೆಯಲ್ಲಿ ಬರುವ ರಾಕ್ಷಸ. ಮಂತ್ರವಾದಿ ಎಂಬುದು ಗಂಡಿಗೂ ಹೆಣ್ಣಿಗೂ ಒಪ್ಪುವ, ಕೂಗಲು ಅನುಕೂಲವಾದ, ಗೌರವಸ್ಥ ಶಬ್ದ ಎಂದು ತೀರ್ಮಾನಿಸಿದೆ. ಅಂದು ತೆಪ್ಪಗೆ ಮೇಜಾಗಿದ್ದರೆ ಮುಂದಿನ ಯಾವ ಫಜೀತಿಯೂ ಇರುತ್ತಿರಲಿಲ್ಲ.

ಮಂತ್ರವಾದಿಯ ಬದುಕು ನೀವು ಅಂದುಕೊಂಡಷ್ಟು ಸುಖದ್ದಲ್ಲ. ಅವಳು ಬಲು ನಾಜೂಕು. ಯೋಧನಾದವನು ಹತ್ತು ಜನರಿಂದ ಹೊಡೆಸಿಕೊಂಡು ಮೈ ಕೊಡವಿ ಏಳುತ್ತಾನೆ, ಇವಳು ಪಕ್ಕದಲ್ಲಿ ಕೋಳಿ ಕೆದಕಿದರೂ ಸಾಯುತ್ತಾಳೆ. ಮಂತ್ರ ಹೇಳುವಾಗ ಕದಲದೆ ನಿಲ್ಲಬೇಕು. ಎದುರಿಗೆ ದೈತ್ಯ ಗದೆ ಎತ್ತಿದ್ದಾನೆ, ನಾನು ಮಾತ್ರ ಕೈಯೆತ್ತಿಕೊಂಡು ತುಟಿ ಅಲ್ಲಾಡಿಸುತ್ತ ನಿಂತಿದ್ದೇನೆ. ಮದುವೆಮನೆಯಲ್ಲಿ ಎಲ್ಲರೂ ಎಲೆಯ ಮುಂದೆ ಕೂತಿರುವಾಗ ಪುರೋಹಿತರು ನಿಧಾನವಾಗಿ ಸಂಕಲ್ಪ ಹೇಳುವುದನ್ನು ನೋಡಿದಾಗ ಆಗುವ ಸಂಕಟ ಇದ್ದಂತೆ. ನಮ್ಮ ಪುರಾಣ ಬರೆದವರು ಈ ವಿಷಯದಲ್ಲಿ ಜಾಣರು ಎಂದು ನನಗೆ ಈಗ ಹೊಳೆದಿದೆ. ಅವರು ಮಂತ್ರವನ್ನೂ ಬಾಣವನ್ನೂ ಒಬ್ಬನ ಕೈಗೇ ಕೊಟ್ಟಿದ್ದರು. ಹೊಡೆಯುವವನೇ ಜಪಿಸುವವನು. ಈ ಆಟ ಮಾಡಿದ ಪುಣ್ಯಾತ್ಮರು ಕತ್ತಿಯನ್ನು ಗಂಡನಿಗೆ ಕೊಟ್ಟು ಮಂತ್ರವನ್ನು ಹೆಂಡತಿಗೆ ಕೊಟ್ಟರು, ಇಬ್ಬರೂ ಮಾತಾಡಿಕೊಂಡು ಕೆಲಸ ಮಾಡಲಿ ಎಂದು. ಅವರಿಗೆ ಮದುವೆಯಾಗಿಲ್ಲ ಎಂದು ಕಾಣುತ್ತದೆ.

ಇನ್ನೊಂದು ತೊಂದರೆ ಮಾನದ್ದು. ಮಂತ್ರ ಹಾಕಲು ಬೇಕಾದ ಶಕ್ತಿಗೆ ಆಟದಲ್ಲಿ ಮಾನ ಎನ್ನುತ್ತಾರೆ. ನೀಲಿ ಬಣ್ಣದ ಒಂದು ಗೆರೆ, ಮಂತ್ರ ಹಾಕಿದಷ್ಟೂ ಕರಗುತ್ತದೆ. ಅದು ತುಂಬಲು ಒಂದು ನೀಲಿ ಕಷಾಯವಿದೆ. ನನ್ನ ಚೀಲದ ತುಂಬ ಅಂಥ ಶೀಷೆಗಳಿದ್ದರೂ ನಾನು ಒಂದನ್ನೂ ಕುಡಿಯುವುದಿಲ್ಲ. ಮುಂದೆ ದೊಡ್ಡ ದೈತ್ಯ ಬಂದಾಗ ಬೇಕಾಗುತ್ತದಲ್ಲ? ದೊಡ್ಡ ದೈತ್ಯ ಬಂದಾಗ, ಇವನಿಗಿಂತ ದೊಡ್ಡವನು ಬಂದರೆ ಎಂದು ಮತ್ತೆ ಎತ್ತಿಡುತ್ತೇನೆ. ಮದುವೆಯಲ್ಲಿ ಬಂದ ಸ್ಟೀಲ್ ಡಿನ್ನರ್ ಸೆಟ್ಟು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಸಜ್ಜೆಯ ಮೇಲಿರುವ ಮನೆಯವಳಿಂದ ಇನ್ನೇನನ್ನು ನಿರೀಕ್ಷಿಸುತ್ತೀರಿ?

ಹೀಗಾಗಿ ನಮ್ಮ ಭಾನುವಾರದ ಮಧ್ಯಾಹ್ನಗಳು ಸರಿಸುಮಾರು ಹೀಗೆ ಕೇಳಿಸುತ್ತಿದ್ದವು.

"ರೀ, ಪಕ್ಕಕ್ಕೆ ಬನ್ರೀ, ಸುಟ್ಟುಬಿಡ್ತೀನಿ!"

"ಅಯ್ಯೋ, ನನ್ನನ್ನೇ ಸುಟ್ಟೆಯಲ್ಲೇ!"

"ಸತ್ರಾ?"

"ಸತ್ತೆ ಕಣೇ. ಮಂತ್ರ ಹಾಕಿ ಬೇಗ ಎಬ್ಬಿಸು."

"ಇರ್ರೀ, ನನ್ನ ಮಾನ ಪೂರ್ತಿ ಹೋಗಿದೆ."

"ನಿನ್ನ ಮಾನ ವಾಪಸ್ ಬರೋ ತನಕ ನಾನು ಹೆಣವಾಗೇ ಬಿದ್ದಿರ್ಬೇಕಾ?"

ಆಟದ ಅಮಲಿನಲ್ಲಿ ದನಿ ಏರುವುದು ಗೊತ್ತಾಗುವುದಿಲ್ಲ. ಕಿಟಕಿ ತೆರೆದಿರುವುದಂತೂ ಗೊತ್ತೇ ಆಗುವುದಿಲ್ಲ. ಆ ಕಿಟಕಿಯ ನೇರ ಕೆಳಗೆ, ಜಗಲಿಯ ಮೇಲೆ, ಭಾನುವಾರ ಮಧ್ಯಾಹ್ನ ಸೊಪ್ಪು ಬಿಡಿಸುತ್ತ ಕೂರುವವರು ನಮ್ಮ ಓನರ್ ಆಂಟಿ ಗೌರಮ್ಮನವರು.

ಗೌರಮ್ಮನವರದು ಕೆಂಗೇರಿಯ ಹಳೆಯ ಒಕ್ಕಲು ಮನೆತನ. ನಾವಿರುವ ಕಟ್ಟಡ ನಿಂತಿರುವುದು ಅವರು ಸೊಸೆಯಾಗಿ ಬಂದಾಗ ರಾಗಿ ಕೊಯ್ದ ಹೊಲದಲ್ಲಿ. "ನಿಮ್ ಅಡುಗೆಮನೆ ಇರೋ ತಾವ ಅವರೆ ಸಾಲಿತ್ತು" ಎಂದು ಈಗಲೂ ಹೇಳುತ್ತಾರೆ. ನಾವು ಈ ಮನೆಗೆ ಬಂದ ಹೊಸತರಲ್ಲಿ ಅಡುಗೆಕಟ್ಟೆಯ ಮುಂದೆ ನಾನು ತುದಿಗಾಲಲ್ಲಿ ನಿಂತಿದ್ದನ್ನು ನೋಡಿ, ನಾನು ಕೇಳದಿದ್ದರೂ ಗಾರೆಯವನನ್ನು ಕರೆಸಿ ಕಟ್ಟೆ ತಗ್ಗಿಸಿದರು. "ಕುಳ್ಳೀಗೆ ಎಟುಕ್ಬ್ಯಾಡ್ವಾ" ಎಂದರು. ನನ್ನ ಎತ್ತರಕ್ಕೆ ಒಬ್ಬರು ಒಂದು ಕಟ್ಟೆ ಕಟ್ಟಿಸಿದ್ದು ಅದೇ ಮೊದಲು. ಬೆಳಗಿನ ಬಿಸಿಲು ಆ ಕಟ್ಟೆಯ ಮೇಲೆ ಬೀಳುವಾಗ ಕಾಫಿ ಸೋಸುತ್ತ ನಿಲ್ಲುವುದು ನನ್ನ ದಿನದ ಅತ್ಯಂತ ಸುಖದ ಹೊತ್ತು. ಈ ಮನೆಯನ್ನು ನಾನು ಎಷ್ಟು ಪ್ರೀತಿಸುತ್ತೇನೆಂದರೆ ಇದು ನಮ್ಮದಲ್ಲ ಎಂಬುದು ಎಷ್ಟೋ ಸಲ ಮರೆತೇಹೋಗುತ್ತದೆ.

ಅದು ನೆನಪಾಗುವ ಕಾಲ ಬಂತು. ಮೊದಲು ಬಸ್ಸಾರು ನಿಂತಿತು. ಹುರುಳಿಕಾಳು ಬಸಿದ ದಿನ ತಪ್ಪದೆ ಮೇಲಕ್ಕೆ ಬರುತ್ತಿದ್ದ ಸ್ಟೀಲ್ ಡಬ್ಬಿ ಬರಲಿಲ್ಲ, ಒಗ್ಗರಣೆಯ ವಾಸನೆ ಮಾತ್ರ ಬಂತು. ಆಮೇಲೆ ಒಂದು ದಿನ ಮೆಟ್ಟಿಲ ಬುಡದಲ್ಲಿ ಒಂದು ನಿಂಬೆಹಣ್ಣು ಕಂಡಿತು. ನಮ್ಮ ಯೋಧರು ಅದು ಯಾರದೋ ಚೀಲದಿಂದ ಉರುಳಿದ್ದಿರಬೇಕೆಂದು ಮೇಲೆ ತಂದರು. ಸ್ವಲ್ಪ ಅರಿಸಿನ ಮೆತ್ತಿಕೊಂಡಿತ್ತು, ತೊಳೆದರು. "ಒಳ್ಳೇ ರಸ ಇದೆ ಕಣೇ" ಎಂದರು. ನಾನು ಚಿತ್ರಾನ್ನ ಮಾಡಿದೆ. ಚೆನ್ನಾಗಿಯೇ ಆಗಿತ್ತು. ನಮ್ಮನ್ನು ಕಟ್ಟಿಹಾಕಲು ಇಟ್ಟ ನಿಂಬೆಹಣ್ಣನ್ನು ನಾವು ಕಡಲೆಬೀಜದ ಜೊತೆ ತಿಂದು ಅರಗಿಸಿಕೊಂಡೆವು ಎಂಬ ಸುದ್ದಿ, ತಟ್ಟೆ ತೊಳೆಯುವ ಮೊದಲೇ ಕೆಳಗೆ ತಲುಪಿರಬೇಕು. ಮರುದಿನ ಆಂಟಿ ನನ್ನನ್ನು ನೋಡಿದ ನೋಟದಲ್ಲಿ ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಗೌರವವಿತ್ತು.

ಆ ವಾರವೇ ಗೇಟಿನ ಹತ್ತಿರ ನಿಲ್ಲಿಸಿ ಕೇಳಿಯೇಬಿಟ್ಟರು. "ಮೇಡಮ್ಮೋರೆ, ನೀವು ಮಂತ್ರ ಗಿಂತ್ರ ಮಾಡ್ತೀರಾ?"

"ಅಯ್ಯೋ ಆಂಟಿ, ನಾವು ಮನೇಲಿ ಮಾಡೋದು ಆಟ!" ಅಂದೆ. ಅದೇ ಹೊತ್ತಿಗೆ ಮೂರ್ತಿಯವರು ಹಿಂದಿನಿಂದ ಸ್ಕೂಟರ್ ಶುರು ಮಾಡಿದರು.

"ಮಾಟಾನಾ?" ಎಂದರು ಆಂಟಿ.

ನಾನು ಸ್ಕೂಟರಿನ ಸದ್ದಿನಲ್ಲಿ ಅವರು ಆಟಾನಾ ಎಂದರೆಂದು ತಿಳಿದು, ನಗುತ್ತ, ಜೋರಾಗಿ ತಲೆಯಾಡಿಸಿದೆ. "ಹೌದು ಆಂಟಿ, ಭಾನುವಾರ ಮಾತ್ರ!" ಒಂದೇ ಒಂದು ಅಕ್ಷರ. ಮಕ್ಕಳ ಉತ್ತರಪತ್ರಿಕೆಯಲ್ಲಿ ಅಂಥ ಅಕ್ಷರಗಳನ್ನು ಕೆಂಪು ಶಾಯಿಯಲ್ಲಿ ಸುತ್ತಿ ಸುತ್ತಿ ಬದುಕು ಕಳೆದವಳು ನಾನು.

ಮುಂದಿನ ಭಾನುವಾರ ನಾನು ಬೆಂಕಿಯ ಮಂತ್ರ ಹಾಕಿ, "ಸುಟ್ಟೇಹೋಯ್ತು!" ಎಂದು ಕಿರುಚಿದ್ದಕ್ಕೂ ಕೆಳಗೆ ಬೋರ್‌ವೆಲ್ ಮೋಟಾರು ಸುಟ್ಟುಹೋದದ್ದಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ನಿಮಗೆ ಹೇಳುವುದು ಸುಲಭ. ಹೊಗೆಯಾಡುವ ಮೋಟಾರಿನ ಮುಂದೆ ನಿಂತು ತಲೆಯೆತ್ತಿ ನಮ್ಮ ಕಿಟಕಿಯನ್ನೇ ನೋಡುತ್ತಿದ್ದ ಗೌರಮ್ಮನವರಿಗೆ ಹೇಳುವುದು ಸುಲಭವಲ್ಲ. ಅವರು ಕೆಳಗಿನಿಂದಲೇ ಕೂಗಿದರು. "ಬರೋ ಭಾನ್ವಾರ ಮ್ಯಾಕ್ಕೆ ಬತ್ತೀನಿ ಮೇಡಮ್ಮೋರೆ. ನಿಮ್ ತಾವ ಒಂದ್ ಮಾತಾಡದದೆ."

ಬಾಡಿಗೆಗಿರುವವರ ವ್ಯಾಕರಣದಲ್ಲಿ ಓನರ್ ಬಾಯಿಂದ ಬರುವ "ಒಂದು ಮಾತು" ಎಂಬುದಕ್ಕೆ ಒಂದೇ ಅರ್ಥ. ಮನೆ ಖಾಲಿ ಮಾಡಿ. ಆ ವಾರವೆಲ್ಲ ನನಗೆ ಅನ್ನ ಇಳಿಯಲಿಲ್ಲ. ಅಡುಗೆಕಟ್ಟೆ ಒರೆಸುವಾಗ ಅಳು ಬರುತ್ತಿತ್ತು. ಹೊಸ ಮನೆ ಹುಡುಕಲು ಹೋದರೆ, ಹಳೆಯದನ್ನು ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ. ನೀರಿನ ತೊಂದರೆ ಎನ್ನಬಹುದು. ಆದರೆ ಅವರು ಗೌರಮ್ಮನವರಿಗೆ ಫೋನ್ ಮಾಡಿದರೆ? "ಮನುಷ್ಯರು ಒಳ್ಳೇವ್ರೇಯ, ಒಸಿ ಹೆಣ ಎಬ್ಬಿಸ್ತಾರೆ" ಎಂದು ಅವರು ಹೇಳಿಬಿಟ್ಟರೆ? ಮೂರ್ತಿಯವರು ಧೈರ್ಯ ಹೇಳುವ ರೀತಿಯೇ ಬೇರೆ. "ಬರಲಿ ಬಿಡು, ನಾನು ಮುಂದೆ ನಿಂತ್ಕೋತೀನಿ" ಎಂದರು, ಸೋಫಾದಿಂದ.

ಭಾನುವಾರ ಆಂಟಿ ಬಂದಾಗ ಯೋಧರು ನೀರು ತರುವ ನೆಪದಲ್ಲಿ ಅಡುಗೆಮನೆ ಸೇರಿದರು. ಟೀವಿಯಲ್ಲಿ ಆಟ ಅರ್ಧಕ್ಕೆ ನಿಂತು, ನನ್ನ ಮಂತ್ರವಾದಿ ಎರಡೂ ಕೈ ಮೇಲೆತ್ತಿಕೊಂಡು ಹಾಗೇ ನಿಂತಿದ್ದಳು. ಆಂಟಿ ಸೆರಗು ಸರಿಮಾಡಿಕೊಂಡು ಕೂತು, ಟೀವಿಯನ್ನು ಬಹಳ ಹೊತ್ತು ನೋಡಿದರು.

"ಇವ್ಳೇಯಾ ನೀವು?"

"ಹೌದು ಆಂಟಿ."

"ನೈಟಿ ಚೆಂದಾಗದೆ." ಮತ್ತೆ ಸ್ವಲ್ಪ ಹೊತ್ತು ನೋಡಿದರು. ಮುಖದಲ್ಲಿ ಏನೋ ಬಂದುಹೋದಂತಾಯಿತು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿದರು. "ನಿಮ್ಮಿಂದ ಒಂದ್ ಕೆಲ್ಸ ಆಗ್ಬೇಕಲ್ಲ ಮೇಡಮ್ಮೋರೆ. ಎದ್ರುಮನೆ ಸಾಕಮ್ಮ ನನ್ ಜೊತೆ ಮಾತಾಡಂಗೆ ಮಾಡ್ಬೇಕು."

ಸಾಕಮ್ಮನವರು ಗೌರಮ್ಮನವರ ಓರಗಿತ್ತಿ, ಭಾವನ ಹೆಂಡತಿ. ಹೊಲ ಪಾಲಾದಾಗ ಅಣ್ಣನದು ಬೀದಿಯ ಆ ಕಡೆ, ತಮ್ಮನದು ಈ ಕಡೆ. ಅವರ ಬಾಲ್ಕನಿಗೂ ನಮ್ಮ ಕಿಟಕಿಗೂ ನಡುವೆ ಒಂದು ಟೆಂಪೋ ಹೋಗುವಷ್ಟೇ ಜಾಗ. ವರ್ಷಗಟ್ಟಲೆ ಇಬ್ಬರೂ ಎದುರುಬದುರು ಬಾಗಿಲಲ್ಲಿ ರಂಗೋಲಿ ಇಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಜಗಳ ಆಸ್ತಿಗಲ್ಲ. ಮನೆಗೆ ಬೀಗರು ಬಂದಿದ್ದ ದಿನ, ಸಾಕಮ್ಮ ತಿರುವಿದ ಮುದ್ದೆಯನ್ನು ಬಾಯಿಗಿಟ್ಟು, ಗೌರಮ್ಮನವರು ಎಲ್ಲರೆದುರು ಅಂದರು: "ಗಂಟದೆ." ಅಷ್ಟೇ. ಮುದ್ದೆ ಉಣ್ಣುವ ಮನೆತನದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ಗಂಟಿದ್ದರೆ ಗಂಟಲಿಗೆ ಗೊತ್ತಾಗಿಯೇಹೋಗುತ್ತದೆ. ಸಾಕಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದವರು ಅಂದಿನಿಂದ ಇವರೊಡನೆ ಮಾತಾಡಿಲ್ಲ.

ಕನ್ನಡದಲ್ಲಿ ಗಂಟು ಎಂಬುದು ಸಣ್ಣ ಶಬ್ದ, ಆದರೆ ಅದರ ಸಂಸಾರ ದೊಡ್ಡದು. ಹಿಟ್ಟಿನಲ್ಲಿರುವುದೂ ಗಂಟು, ತಾಳಿಗೆ ಹಾಕುವುದೂ ಗಂಟು, ಮುಖ ಸಿಂಡರಿಸಿದರೆ ಗಂಟುಮುಖ, ಸುಮ್ಮನಿದ್ದವರ ತಂಟೆಗೆ ಹೋದರೆ ಗಂಟುಬೀಳುವುದು. ಮನೆ ಬಿಡುವಾಗ ಕಟ್ಟುವುದು ಗಂಟುಮೂಟೆ. ಆ ಕೊನೆಯ ಗಂಟು ನನ್ನ ಕಣ್ಣ ಮುಂದೆಯೇ ಇತ್ತು. ನಾನು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. "ಆಂಟಿ, ಇದು ಬರೀ..."

"ಅದೆಲ್ಲ ಬುಡಿ. ಏನ್ ಮಾಡ್ಬೇಕು ಹೇಳಿ" ಎಂದು ಆಂಟಿ ಕೈ ಅಡ್ಡ ಹಿಡಿದರು. ಅಡುಗೆಮನೆಯ ಬಾಗಿಲಲ್ಲಿ ಯೋಧರು, ಹೇಳು ಹೇಳು, ಎಂದು ಹುಬ್ಬು ಹಾರಿಸುತ್ತಿದ್ದರು.

ಹೇಳಿದೆ. ಕಣ್ಣು ಮುಚ್ಚಿ, ಪಾಠ ಹೇಳುವ ದನಿಯಲ್ಲಿ ಹೇಳಿದೆ. "ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಅವರ ಮನೆಗೆ ಹೋಗಬೇಕು. ಬಸ್ಸಾರು ನಿಮ್ಮದು, ಮುದ್ದೆ ಅವರದು. ನಡುವೆ ನೀರು ಕುಡಿಯಬಾರದು. ಮೊದಲನೇ ತುತ್ತು ನುಂಗಿದ ಮೇಲೆ ಅವರ ಮುಖ ನೋಡಿಕೊಂಡು ಮಂತ್ರ ಹೇಳಬೇಕು."

"ಏನ್ ಮಂತ್ರ?"

"ಗಂಟಿಲ್ಲ."

ಗೌರಮ್ಮನವರು ನನ್ನನ್ನೇ ದಿಟ್ಟಿಸಿದರು. "ಭಾರೀ ಮಂತ್ರ ಕಣವ್ವ" ಎಂದು ನಿಟ್ಟುಸಿರು ಬಿಟ್ಟು ಎದ್ದರು.

ಸೋಮವಾರ ನಾನು ಕಾಲೇಜಿಗೆ ರಜೆ ಹಾಕಿದೆ. ಇದು ತಿರುಗುಬಾಣವಾದರೆ, ಮಾಟ ಮಾಡುತ್ತಾರೆ ಎಂಬುದರ ಜೊತೆಗೆ ಮಾಟವೂ ಸರಿಯಾಗಿ ಬರುವುದಿಲ್ಲ ಎಂಬ ಹೆಸರೂ ಬಂದು, ಸಂಜೆಯೊಳಗೆ ನಮ್ಮ ಸಾಮಾನು ಬೀದಿಯಲ್ಲಿರುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಕಿಟಕಿಯ ಪರದೆಯ ಹಿಂದೆ ನಿಂತೆ. ಆಂಟಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಬಸ್ಸಾರಿನ ಡಬ್ಬಿ ಹಿಡಿದು, ಬೀದಿ ದಾಟಿದರು. ಎದುರುಮನೆಯ ಬಾಗಿಲು ತೆರೆಯಿತು. ಸಾಕಮ್ಮನವರು ಹೊಸ್ತಿಲ ಮೇಲೆ ಕಂಬದಂತೆ ನಿಂತರು.

ಆಂಟಿಯ ದನಿ ಬೀದಿಗೆಲ್ಲ ಕೇಳಿಸಿತು. "ನಾನಾಗ್ ನಾನು ಬರ್ಲಿಲ್ಲ, ತಿಳ್ಕೊ. ಮಂತ್ರವಾದಿ ಹೇಳಿದ್ರು, ಅದ್ಕೆ ಬಂದಿವ್ನಿ."

ಸಾಕಮ್ಮನವರು ತಲೆಯೆತ್ತಿ ನಮ್ಮ ಕಿಟಕಿ ನೋಡಿದರು. ನಾನು ಪರದೆಯೊಳಗೆ ಮತ್ತಷ್ಟು ಸುತ್ತಿಕೊಂಡೆ. "ಮಂತ್ರವಾದಿ ಹೇಳಿದ್ಮ್ಯಾಕೆ ಏನ್ ಮಾಡಕ್ಕಾಯ್ತದೆ" ಎಂದರು ಅವರು. "ಒಳೀಕ್ ಬಾ."

ಬಾಗಿಲು ಮುಚ್ಚಿತು. ಆಮೇಲೆ ಏನೂ ಕೇಳಿಸಲಿಲ್ಲ. ಅಷ್ಟು ಭಯಂಕರ ಮೌನವನ್ನು ನಾನು ಯಾವ ದೈತ್ಯನ ಗುಹೆಯಲ್ಲೂ ಅನುಭವಿಸಿಲ್ಲ. ಈಗ ಮುದ್ದೆ ಮುರಿಯುತ್ತಿದ್ದಾರೆ, ಈಗ ಸಾರಿನಲ್ಲಿ ಅದ್ದುತ್ತಿದ್ದಾರೆ, ಈಗ ನುಂಗುತ್ತಿದ್ದಾರೆ ಎಂದು ನಾನೇ ಇಲ್ಲಿ ಗುಟುಕು ನುಂಗಿದೆ. ಗಂಟಿಲ್ಲದಿರಲಿ ದೇವರೇ ಎಂದು, ದೇವರಲ್ಲಿ ಅಂಥ ನಂಬಿಕೆಯಿಲ್ಲದವಳು ಕೈಮುಗಿದೆ. ಎಷ್ಟೋ ಹೊತ್ತಿನ ಮೇಲೆ ಎದುರುಮನೆಯೊಳಗಿಂದ ಇಬ್ಬರು ಮುದುಕಿಯರು ಒಟ್ಟಿಗೆ ನಗುವ ಸದ್ದು ಬಂತು. ನಾನು ಪರದೆಯನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಸಂಜೆ ಆಂಟಿ ಮೇಲೆ ಬಂದರು. ಕೈಯಲ್ಲಿ ನಮ್ಮ ಪಾಲಿನ ಬಸ್ಸಾರಿನ ಡಬ್ಬಿಯಿತ್ತು. ಅಡುಗೆಕಟ್ಟೆಯ ಮೇಲೆ ಅದನ್ನಿಟ್ಟು, ಕಿಟಕಿಗೆ ಒರಗಿಕೊಂಡು ನಿಂತರು.

"ಗಂಟಿರಲಿಲ್ವಾ ಆಂಟಿ?" ಎಂದು ಮೆಲ್ಲಗೆ ಕೇಳಿದೆ.

"ಇತ್ತು ಕಣವ್ವ, ನೆಲ್ಲಿಕಾಯಷ್ಟು ದಪ್ಪ. ನುಂಗ್ಕಂಡೆ."

ನನಗೆ ಇನ್ನು ತಡೆಯಲಾಗಲಿಲ್ಲ. ನೀವು ಮನೆ ಖಾಲಿ ಮಾಡಿಸುತ್ತೀರೆಂದು ಹೆದರಿ ಸತ್ತಿದ್ದೆವು ಎಂದೆ. ಅವರು ಅದನ್ನು ಕೇಳಿ ನಿಜವಾಗಿಯೂ ಗಾಬರಿಯಾದರು. "ಖಾಲಿ ಮಾಡ್ಬುಟ್ರೆ ನನ್ ಗತಿ? ನಾಳೀಕ್ ಇನ್ನೊಂದ್ ಸಲ ಅವ್ಳ ಮನೇಗ್ ಹೋಗ್ಬೇಕಂದ್ರೆ ಯಾರನ್ನ ಕೇಳ್ಲಿ?"

"ಆಂಟಿ, ನಿಜ ಹೇಳ್ತೀನಿ" ಎಂದೆ, ಮನಸ್ಸು ಗಟ್ಟಿಮಾಡಿಕೊಂಡು. "ನಾನು ಮಂತ್ರವಾದಿ ಅಲ್ಲ. ಟೀವೀಲಿ ಇರೋದು ಬರೀ ಆಟ."

ಗೌರಮ್ಮನವರು ಬೀದಿಯಾಚೆಯ ಬಾಲ್ಕನಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಕೈ ಚಾಚಿ ಕಿಟಕಿ ಎಳೆದು, ಚಿಲಕ ಹಾಕಿದರು.

"ಅದು ನಂಗೆ ಆ ನೈಟಿ ನೋಡ್ದಾಗ್ಲೇ ಗೊತ್ತಾಯ್ತು. ಮೆತ್ಗೆ ಹೇಳ್ರವ್ವ. ಅವ್ಳಿಗೆ ಕೇಳಿಸ್ಬುಟ್ರೆ, ನಾನಾಗ್ ನಾನೇ ಹೋದಂಗಾಯ್ತದೆ."